ಕನಸು ಬೀಳದಿದ್ದರೆ ದಿಂಬು ವಾಪಸ್

"ಇನ್ನು ಮೂರೇ ತಿಂಗಳು, ನೋಡ್ತಿರು! ನನ್ನ ಬರಹ ಓದಿ ಇಡೀ ಊರು ನಮ್ಮ ದಿಂಬಿನ ಮೇಲೆ ತಲೆ ಇಡದೇ ಹೋದರೆ, ನಾನು ಮೂವತ್ತು ವರ್ಷ ಪೆನ್ನು ಹಿಡಿದದ್ದೇ ದಂಡ!"

ಗುಮಾಸ್ತರು ಅಂಗಡಿಯ ನಟ್ಟನಡುವೆ ನಿಂತು ಹೀಗೆ ಶಪಥ ಮಾಡಿದಾಗ ಬೆಳಗ್ಗೆ ಹತ್ತೂವರೆ. ಕೇಳಿಸಿಕೊಳ್ಳಲು ಇದ್ದದ್ದು ಅವರ ಹೆಂಡತಿ ಒಬ್ಬರೇ. ಗವಸಿಗೆ ಹತ್ತಿ ತುಂಬುತ್ತಿದ್ದ ಆಕೆ ತಲೆಯನ್ನೂ ಎತ್ತಲಿಲ್ಲ.

"ಮೂವತ್ತು ವರ್ಷ ಆಫೀಸಲ್ಲಿ ಸುತ್ತೋಲೆ ಬರೆದ್ರಿ. ಯಾರಾದ್ರೂ ಇಷ್ಟಪಟ್ಟು ಓದಿದ್ರಾ?"

"ಓದದೇ ಇದ್ರೆ ಮೆಮೋ ಕೊಡ್ತಿದ್ವಿ ಕಣೇ!"

"ಸರಿ ಹಾಗಾದ್ರೆ. ದಿಂಬು ತಗೊಳ್ಳದವರಿಗೂ ಮೆಮೋ ಕೊಡಿ."

ಗುಮಾಸ್ತರು ಈಗ ಗುಮಾಸ್ತರೇನಲ್ಲ. ನಿವೃತ್ತರಾಗಿ ನಾಲ್ಕು ತಿಂಗಳಾಗಿತ್ತು. ಆದರೆ ಬೀದಿಯವರ ಬಾಯಲ್ಲಿ ಕೂತ ಹೆಸರು ಆದೇಶ ಬಂತೆಂದು ಎದ್ದು ಹೋಗುತ್ತದೆಯೇ? ಅಂಗಡಿ ಹೆಂಡತಿಯದು. ಹದಿನಾಲ್ಕು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲಿ ಆಕೆ ದಿಂಬು ಮಾಡಿ ಮಾರುತ್ತಿದ್ದರು. ಬಾಗಿಲಿಗೆ ನೇತುಹಾಕಿದ ಒಂದು ರಟ್ಟು, ಅದರ ಮೇಲೆ ಎರಡೇ ಪದ: "ದಿಂಬು ಸಿಗುತ್ತದೆ." ಹದಿನಾಲ್ಕು ವರ್ಷದ ಜಾಹೀರಾತೆಂದರೆ ಅಷ್ಟೇ. ತಯಾರಾದ ಪ್ರತಿಯೊಂದು ದಿಂಬನ್ನೂ ಮೇಜಿನ ಮೇಲಿಟ್ಟು, ಮೊಣಕೈಯಿಂದ ಒತ್ತಿ, ಕೈ ತೆಗೆದು ನಾಲ್ಕು ಎಣಿಸುವರು. ನಾಲ್ಕರೊಳಗೆ ದಿಂಬು ಮೊದಲಿನಂತೆ ಉಬ್ಬಿ ಎದ್ದರೆ ಪಾಸು. ಏಳದಿದ್ದರೆ ಹೊಲಿಗೆ ಬಿಚ್ಚಿ, ಹತ್ತಿಯನ್ನು ಮತ್ತೆ ಹಿಂಜುವರು. ಏಳದ ದಿಂಬು ಆ ಹೊಸ್ತಿಲು ದಾಟಿದ್ದೇ ಇಲ್ಲ.

ಆ ಅಂಗಡಿಗೆ ಒಂದು ಗುಣವಿತ್ತು. ಮಧ್ಯಾಹ್ನ ಎರಡರ ಹೊತ್ತಿಗೆ ಪಡುವಣ ಕಿಟಕಿಯಿಂದ ಬಿಸಿಲು ಓರೆಯಾಗಿ ಇಳಿಯುತ್ತಿತ್ತು. ಹಿಂದಿನ ಕೋಣೆಯಲ್ಲಿ ಹತ್ತಿ ಹಿಂಜುವ ಯಂತ್ರ ಗುಂಯ್ ಎನ್ನುತ್ತಿತ್ತು. ಹತ್ತಿಯ ಸಣ್ಣ ಎಳೆಗಳು ಬಿಸಿಲಿಗೆ ಎದ್ದು, ಕೆಳಗಿಳಿಯುವ ಮನಸ್ಸೇ ಇಲ್ಲದೆ ತೇಲುತ್ತಿದ್ದವು. ಒಳಗೆ ಬಂದವರ ದನಿ ತಾನಾಗಿ ತಗ್ಗುತ್ತಿತ್ತು. ಬೀದಿಯ ಹಾರ್ನ್ ಸದ್ದು ಕೂಡ ದಿಂಬಿನ ರಾಶಿಗೆ ತಾಗಿ ಮೆತ್ತಗಾಗಿಬಿಡುತ್ತಿತ್ತು. ಅಲ್ಲಿ ಕೂತೂ ಕೂತೂ ಗುಮಾಸ್ತರೊಳಗಿನ ಕವಿ ಕಣ್ಣುಬಿಟ್ಟ. ಪಾಪ, ಮೂವತ್ತು ವರ್ಷ ಆಫೀಸಿನ ಟ್ಯೂಬ್‌ಲೈಟಿನ ಕೆಳಗೆ ತೂಕಡಿಸಿದ್ದವನು!

ಫೋನಿನಲ್ಲಿ ಅಂಗಡಿಯ ಹೆಸರಿಗೆ ಒಂದು ಬ್ಲಾಗು ಎದ್ದಿತು. ಮೊದಲ ಬರಹ: 'ದಿಂಬೆಂಬ ದೋಣಿ'. "ಓ ದಿಂಬೇ! ನಿದ್ರಾಸಾಗರದ ಶ್ವೇತನೌಕೆಯೇ! ನಿನ್ನ ಹಾಯಿಗೆ ಬೀಸುವ ಗಾಳಿಯು ನನ್ನದೇ ನಿಟ್ಟುಸಿರೇ?" ಹೀಗೆ ನಾಲ್ಕು ಪುಟ. ವಾರ ಕಳೆದ ಮೇಲೆ ನೋಡಿದರೆ ಓದಿದವರು ಮೂರು ಜನ. ಅವರಲ್ಲಿ ಇಬ್ಬರು ಗುಮಾಸ್ತರೇ: ಒಮ್ಮೆ ತಮ್ಮ ಫೋನಿನಲ್ಲಿ, ಒಮ್ಮೆ ಹೆಂಡತಿಯ ಫೋನಿನಲ್ಲಿ. ಮೂರನೆಯವನು ಭಾವಮೈದುನ. ಅವನು ಕೆಳಗೆ ಬರೆದಿದ್ದ: "ದೋಣಿಗೆ ಎಷ್ಟು?"

ಬೇರೆಯವರಾಗಿದ್ದರೆ ಕೈಬಿಡುತ್ತಿದ್ದರು. ಗುಮಾಸ್ತರು ಬರಹ ಸುಧಾರಿಸುವ ಪಾಠಗಳನ್ನು ಫೋನಿನಲ್ಲಿ ಕೇಳತೊಡಗಿದರು. ಪಾಠ ಹೇಳುವವನು ಪ್ರತಿದಿನವೂ ಕಿರುಚುತ್ತಿದ್ದ: "ಸರಕನ್ನು ಹೊಗಳಬೇಡಿ! ಅದರಿಂದ ಗಿರಾಕಿಗೆ ಏನು ಸಿಗುತ್ತದೆ, ಅದನ್ನು ಹೇಳಿ! ಬೇರೆ ಅಂಗಡಿಯವರು ಕೊಡಲು ಹೆದರುವಂಥ ಭರವಸೆ ಕೊಡಿ!"

ಗುಮಾಸ್ತರು ತೇಲುವ ಹತ್ತಿಯನ್ನು ನೋಡುತ್ತ ಯೋಚಿಸಿದರು. ದಿಂಬಿನಿಂದ ಏನು ಸಿಗುತ್ತದೆ? ನಿದ್ದೆ. ಅದನ್ನು ಎಲ್ಲರೂ ಕೊಡುತ್ತಾರೆ. ನಿದ್ದೆಯ ಆಚೆಗೆ ಏನು ಸಿಗುತ್ತದೆ? ಕನಸು! ಸಿಕ್ಕಿತು ಎಂದು ಕುರ್ಚಿಯಿಂದ ಎದ್ದುಬಿಟ್ಟರು.

"ನಮ್ಮ ದಿಂಬಿನ ಮೇಲೆ ತಲೆಯಿಡಿ. ಕಾಣಬೇಕೆಂದವರನ್ನು ಕನಸಿನಲ್ಲಿ ಕಾಣಿರಿ. ಮೂವತ್ತು ದಿನದೊಳಗೆ ಒಳ್ಳೆಯ ಕನಸು ಬೀಳದಿದ್ದರೆ ದಿಂಬು ವಾಪಸ್!"

ಇಷ್ಟನ್ನು ಬರೆದದ್ದು ಕವಿ. ಅಲ್ಲಿಗೆ ನಿಲ್ಲಿಸಿದ್ದರೆ ಬಚಾವು. ಆದರೆ ಒಳಗಿದ್ದ ಗುಮಾಸ್ತ ಸುಮ್ಮನಿರಬೇಕಲ್ಲ! ಭರವಸೆ ಎಂದಮೇಲೆ ದೂರು ಬರುತ್ತದೆ, ದೂರು ಎಂದಮೇಲೆ ನಮೂನೆ ಬೇಕು. ಕೂತು ಗೆರೆ ಎಳೆದರು. ಕನಸು ಬಿದ್ದ ದಿನಾಂಕ. ಅಂದಾಜು ಅವಧಿ. ಕನಸಿನಲ್ಲಿ ಹಾಜರಿದ್ದವರು. ಗೈರುಹಾಜರಾದವರು. ದೋಷದ ಸ್ವರೂಪ. ಅರ್ಜಿದಾರರ ಸಹಿ. ನೂರು ಜೆರಾಕ್ಸ್ ಮಾಡಿಸಿ, ದಿಂಬಿಗೊಂದರಂತೆ ಲಗತ್ತಿಸುವುದೆಂದು ತೀರ್ಮಾನವಾಯಿತು.

"ಅಂಗೈಯಲ್ಲಿ ಆಕಾಶ ತೋರಿಸ್ತಿದ್ದೀರಿ," ಎಂದರು ಹೆಂಡತಿ. "ನಾನು ತುಂಬೋದು ಹತ್ತಿ. ಕನಸಲ್ಲ."

"ನಿಂಗೆ ಕನಸೇ ಬೀಳಲ್ವಾ?"

"ನಿದ್ದೆ ಬರುತ್ತಲ್ಲ. ಸಾಲದಾ?"

ಆದರೆ ನೋಡಿ, ಆ ಬರಹ ಊರೆಲ್ಲ ಸುತ್ತಿತು! ಒಂದೇ ವಾರಕ್ಕೆ ನಲವತ್ತಮೂರು ದಿಂಬು ಹೋದವು. ಅಡ್ಡರಸ್ತೆಯ ಲಾಡ್ಜಿನ ಮ್ಯಾನೇಜರ್ ಕೂಡ ಓದಿ, ಫೋನ್ ಮಾಡಿದರು: "ನಮ್ಮಲ್ಲಿ ಅರವತ್ತು ಮಂಚ ಇದೆ. ಎಲ್ಲಾ ದಿಂಬೂ ಬದಲಾಯಿಸ್ಬೇಕು. ತಿಂಗಳ ಕೊನೆಯ ಬುಧವಾರ ಬಂದು ನೋಡ್ತೀನಿ."

ಆ ದಿನ ಹೆಂಡತಿ ಯಂತ್ರ ನಿಲ್ಲಿಸಿ ಬಂದು ಗಂಡನ ಪಕ್ಕ ಕೂತರು. "ರೀ, ಈ ಅರವತ್ತು ನಮಗೇ ಸಿಕ್ಕಿದ್ರೆ ಹಿಂಜೋ ಯಂತ್ರ ಮಾರೋದು ಬೇಡ."

"ಮಾರೋ ಯೋಚನೆ ಇತ್ತಾ?" ಗುಮಾಸ್ತರು ಬೆಚ್ಚಿದರು.

"ಇತ್ತು. ವರ್ಷದಿಂದ ವ್ಯಾಪಾರ ಎಲ್ಲಿತ್ತು? ನಿಮಗೆ ಹೇಳಿ ಏನು ಪ್ರಯೋಜನ ಅಂತ ಸುಮ್ಮನಿದ್ದೆ. ನೀವು ಆಗಲೇ ದೋಣಿ ಹತ್ತಿದ್ರಿ."

ಯಂತ್ರವಿಲ್ಲದ ಆ ಕೋಣೆಯನ್ನು ಗುಮಾಸ್ತರು ಕಲ್ಪಿಸಿಕೊಳ್ಳಲು ನೋಡಿದರು. ಆಗಲಿಲ್ಲ. ಆ ಗುಂಯ್ ಸದ್ದಿಲ್ಲದ ಮನೆಯಲ್ಲಿ ಹೆಂಡತಿ ಏನು ಮಾಡುತ್ತ ಕೂರುತ್ತಾಳೆ? ಅರವತ್ತು ದಿಂಬು ಸಿಗಲೇಬೇಕು ಎಂದುಕೊಂಡರು.

ಎರಡನೆಯ ವಾರದಿಂದ ದಿಂಬುಗಳು ಮರಳಿ ಬರತೊಡಗಿದವು.

ಮೊದಲು ಬಂದವನು ಬಸ್ ಡ್ರೈವರ್. ನಮೂನೆಯನ್ನು ಅಚ್ಚುಕಟ್ಟಾಗಿ ತುಂಬಿದ್ದ. "ರಾತ್ರಿಯಿಡೀ ಕನಸಲ್ಲಿ ಬಸ್ ಓಡಿಸಿದೆ ಸಾರ್. ಒಂದು ಸ್ಟಾಪಲ್ಲೂ ಯಾರೂ ಇಳೀಲಿಲ್ಲ."

"ಖಾಲಿ ರಸ್ತೆ, ತಂಪು ಗಾಳಿ... ಒಳ್ಳೆ ಕನಸೇ ಅಲ್ವೇನಪ್ಪಾ?"

"ಹಗಲು ಎಂಟು ಗಂಟೆ ಡ್ಯೂಟಿ, ರಾತ್ರಿ ಮತ್ತೆ ಎಂಟು ಗಂಟೆ! ಓವರ್‌ಟೈಮ್ ಯಾರು ಕೊಡ್ತಾರೆ? ನೀವೋ, ನಿಮ್ಮ ದಿಂಬೋ?"

ಹಲ್ಲಿನ ಡಾಕ್ಟರಿಗೆ ತಮ್ಮದೇ ಮೂವತ್ತೆರಡು ಹಲ್ಲು ಉದುರಿದ್ದವು. ಎದುರು ಕ್ಲಿನಿಕ್ಕಿನವನು ನಗುತ್ತ ಆರಿಸಿಕೊಂಡಿದ್ದ. ಹಾಲಿನ ಅಂಗಡಿಯಾಕೆಯ ದೂರು ಇನ್ನೂ ಗಂಭೀರ: "ಇದರ ಮೇಲೆ ಮಲಗಿದಾಗಿನಿಂದ ನಮ್ಮವರು ನಿದ್ದೇಲಿ ನಗ್ತಾರೆ. ಯಾರನ್ನ ಕಂಡು ಅಂತ ಕೇಳಿದ್ರೆ ಹೇಳಲ್ಲ. ನೀವೇ ಇಟ್ಕೊಳ್ಳಿ!"

ಬಂದವರು ದಿಂಬು ಕೊಟ್ಟು ಹೋಗಬೇಕಲ್ಲ, ಹೋಗುತ್ತಿರಲಿಲ್ಲ. ಮಧ್ಯಾಹ್ನದ ಆ ಓರೆ ಬಿಸಿಲಿನಲ್ಲಿ ಬೆಂಚಿನ ಮೇಲೆ ಕೂತುಬಿಡುತ್ತಿದ್ದರು. ಒಬ್ಬರು ತಮ್ಮದೇ ಮನೆಯ ಮೇಲೆ ಹಾರಿ, ಒಣಹಾಕಿದ ಬಟ್ಟೆಗಳನ್ನು ಮೇಲಿನಿಂದ ನೋಡಿದ್ದರು. ಇನ್ನೊಬ್ಬರ ಮೆಟ್ಟಿಲು ಇಳಿಯುತ್ತ ಇಳಿಯುತ್ತ ಹೊಳೆಯೊಳಗೆ ಹೋಗಿತ್ತು, ನೀರು ಬೆಚ್ಚಗಿತ್ತಂತೆ. ಒಬ್ಬರು ಹೇಳುತ್ತಿದ್ದರೆ ಉಳಿದವರು ಕಣ್ಣು ಅರೆಮುಚ್ಚಿ ಹೂಂಗುಟ್ಟುವರು. ಹತ್ತಿ ತೇಲುತ್ತಿತ್ತು. ಗುಮಾಸ್ತರು ಎಲ್ಲವನ್ನೂ ಬರೆದುಕೊಳ್ಳುತ್ತ, ತಾವು ಅಂಗಡಿಯಲ್ಲಿದ್ದೇವೆಂಬುದನ್ನೇ ಮರೆಯುತ್ತಿದ್ದರು. ಹೆಂಡತಿ ಮಾತ್ರ ಎಣಿಸುತ್ತಿದ್ದರು. ಮೂಲೆಯಲ್ಲಿ, ನಮೂನೆ ಚುಚ್ಚಿದ ದಿಂಬು ಹತ್ತೊಂಬತ್ತಾದವು.

ಇಷ್ಟರ ನಡುವೆ ದಿನ ಬಿಟ್ಟು ದಿನ ಬರುತ್ತಿದ್ದವರು ಟೀಚರಮ್ಮ. ಮೂರನೇ ಕ್ಲಾಸಿಗೆ ಪಾಠ ಹೇಳಿ ನಿವೃತ್ತರಾದವರು. ಅವರು ದಿಂಬು ವಾಪಸ್ ಕೊಡುತ್ತಿರಲಿಲ್ಲ, ಪ್ರತಿಸಲವೂ ಹೊಸ ನಮೂನೆಯೊಂದನ್ನು ಕೇಳಿ ಒಯ್ದು, ಅದನ್ನು ಮಾತ್ರ ತಂದು ಕೊಡುತ್ತಿದ್ದರು. ಅದರಲ್ಲಿ ಎಲ್ಲ ಕಾಲಮ್ಮೂ ಖಾಲಿ. ಒಂದರಲ್ಲಿ ಮಾತ್ರ ದುಂಡಗಿನ ಅಕ್ಷರ: "ಗೈರುಹಾಜರಾದವರು: ನಮ್ಮ ಯಜಮಾನರು."

ಕೊನೆಯ ಬುಧವಾರ ಬೆಳಗ್ಗೆಯೂ ಬಂದರು. "ಹೋಗಿ ಎರಡು ವರ್ಷ ಆಯ್ತು ಸಾರ್. ಒಂದಿನಾನೂ ನನ್ನ ಕನಸಿಗೆ ಬಂದಿಲ್ಲ. ಪಕ್ಕದ ಮನೆಯವರ ಕನಸಿಗೆ ಹೋಗಿ ಗಿಡಕ್ಕೆ ನೀರು ಹಾಕಿದ್ರಂತೆ! ನನ್ನ ಹತ್ರ ಬರೋಕೆ ಏನು ಧಾಡಿ?"

"ಬರ್ತಾರೆ ಟೀಚರಮ್ಮ..."

"ಇವತ್ತಿಗೆ ಇಪ್ಪತ್ತೇಳು ದಿನ. 'ಕಾಣಬೇಕೆಂದವರನ್ನು ಕಾಣಿರಿ' ಅಂತ ನೀವೇ ಬರೆದಿದ್ದೀರಿ. ಬರೆದಿಟ್ಟ ಅಕ್ಷರ ಸುಳ್ಳು ಹೇಳಬಾರದು. ನಾನು ಮಕ್ಕಳಿಗೆ ಹಾಗೇ ಹೇಳಿಕೊಟ್ಟಿರೋದು."

"ಇನ್ನೂ ಮೂರು ದಿನ ಇದೆ," ಎಂದಷ್ಟೇ ಗುಮಾಸ್ತರಿಗೆ ಹೇಳಲಾಯಿತು. ಮೂವತ್ತು ವರ್ಷದಲ್ಲಿ ಅವರ ಬರಹವನ್ನು ಅಕ್ಷರಕ್ಕೆ ಅಕ್ಷರ ನಂಬಿದವರು ಈಕೆ ಒಬ್ಬರೇ. ಖುಷಿಯಾಗಬೇಕಿತ್ತು. ಭಯವಾಯಿತು.

ಆ ದಿನವೇ ನಾಲ್ಕಕ್ಕೆ ಮ್ಯಾನೇಜರ್ ಬರುವವರು. ಹೆಂಡತಿ ಅವರಿಗೆ ತೋರಿಸಲೆಂದು ಇರುವುದರಲ್ಲೇ ಉತ್ತಮ ಹತ್ತಿ ತುಂಬಿ, ಬಿಳಿ ಗವಸು ಹಾಕಿ, ಒಂದು ದಿಂಬನ್ನು ಮೇಜಿನ ಮೇಲಿಟ್ಟು ಒಳಗೆ ಹೋಗಿದ್ದರು. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ. ಗುಮಾಸ್ತರಿಗೆ ಚಿಂತೆಯಿದ್ದೂ ನಿದ್ದೆ ಬಂತು! ಸ್ವಲ್ಪ ಹೊತ್ತು ಕೆನ್ನೆ ಆನಿಸುತ್ತೇನೆ ಎಂದುಕೊಂಡರು, ಅಷ್ಟೇ.

ಅವರು ದೋಣಿಯಲ್ಲಿದ್ದರು. ದೋಣಿ ಬೆಳ್ಳಗೆ, ಮೆತ್ತಗೆ ಇತ್ತು. ಕೆಳಗೆ ಹರಿಯುತ್ತಿದ್ದದ್ದು ನೀರಲ್ಲ, ಹತ್ತಿ. ಎರಡೂ ದಡದಲ್ಲಿ ಜನ ನಮೂನೆ ಹಿಡಿದು ನಿಂತಿದ್ದರು, ಯಾರೂ ಕೂಗುತ್ತಿರಲಿಲ್ಲ. ಒಂದು ದಡದಲ್ಲಿ ಒಬ್ಬ ಮುದುಕರು ಬೆನ್ನು ತಿರುಗಿಸಿ ಗಿಡಕ್ಕೆ ನೀರು ಹಾಕುತ್ತಿದ್ದರು. "ಸ್ವಾಮೀ, ಟೀಚರಮ್ಮನ ಹತ್ರ ಹೋಗಿ ಒಂದು ಹಾಜರಿ ಹಾಕಿ ಬನ್ನಿ!" ಎಂದು ಗುಮಾಸ್ತರು ಬೇಡಿಕೊಂಡರು. ಮುದುಕರು ಚೊಂಬು ಕೆಳಗಿಟ್ಟು, ಹೊರಡಲೆಂದೇ ತಿರುಗಿದರು. ಆದರೆ ಸುತ್ತಲೂ ಏನನ್ನೋ ಹುಡುಕಿದರು. ಸಿಗಲಿಲ್ಲವೇನೋ, ಅಲ್ಲೇ ನಿಂತುಬಿಟ್ಟರು.

"ರೀ! ಏಳ್ರೀ! ಅದರ ಮೇಲೆ ಮಲಗಬೇಡಿ, ಅದು ಮಾರೋಕಿರೋ ದಿಂಬು!"

ಗುಮಾಸ್ತರು ಕಣ್ಣುಬಿಟ್ಟರೆ ಎದುರಿಗೆ ಹೆಂಡತಿ. ಹೆಂಡತಿಯ ಪಕ್ಕದಲ್ಲಿ ಮ್ಯಾನೇಜರ್. ಬಿಳಿ ಗವಸಿನ ಮೇಲೆ ಗುಮಾಸ್ತರ ಕೆನ್ನೆಯ ಅಚ್ಚು, ಅದರ ಪಕ್ಕದಲ್ಲಿ ಎಂಜಲಿನ ಒಂದು ಪುಟ್ಟ ಕೆರೆ.

ಮ್ಯಾನೇಜರ್ ಕಣ್ಣು ಮೂಲೆಯ ರಾಶಿಗೆ ಹೋಯಿತು. "ಇವೆಲ್ಲ ಏನು?"

"ವಾಪಸ್ ಬಂದದ್ದು," ಎಂದರು ಗುಮಾಸ್ತರು. ನಿದ್ದೆಗಣ್ಣಿನಲ್ಲಿ ಸುಳ್ಳು ಹೊಳೆಯುವುದಿಲ್ಲ.

ಮ್ಯಾನೇಜರ್ ಒಂದು ನಮೂನೆ ಓದಿದರು. "ಮೂವತ್ತೆರಡು ಹಲ್ಲು ಉದುರಿತು. ದಿಂಬಿನಿಂದಲಾ?!"

"ಛೆ ಛೆ, ಕನಸಲ್ಲಿ!"

"ಸ್ವಾಮಿ, ಬೆಳಗ್ಗೆ ಅರವತ್ತು ಜನ ನನ್ನ ಕೌಂಟರಿಗೆ ಬಂದು ಕನಸು ಹೇಳೋಕೆ ಶುರು ಮಾಡಿದ್ರೆ ರೂಮ್ ಖಾಲಿ ಮಾಡಿಸೋರು ಯಾರು? ದಿಂಬು ಚೆನ್ನಾಗಿದೆ, ಇಲ್ಲ ಅನ್ನಲ್ಲ. ನೀವು ಮಲಗಿದ್ದು ನೋಡಿದ್ನಲ್ಲ! ಆದ್ರೆ ಆ ಭರವಸೆ ಇರಬಾರದು. ಶನಿವಾರ ಬರ್ತೀನಿ. ಆಗಲೂ ಇದ್ರೆ ಬೇರೆ ಅಂಗಡಿ ನೋಡ್ಕೋತೀನಿ."

ಅವರು ಹೋದ ಮೇಲೆ ಹೆಂಡತಿ ಒಂದೇ ಮಾತು ಹೇಳಿದರು. "ಅಳಿಸಿ."

"ಉಳಿದವರಿಗೆ ಅಳಿಸ್ತೀನಿ ಕಣೇ. ಟೀಚರಮ್ಮನಿಗೆ ಹೇಗೆ ಅಳಿಸಲಿ? ಇನ್ನೂ ಮೂರು ದಿನ ಇದೆ ಅಂತ ಇವತ್ತು ಬೆಳಗ್ಗೆ ನಾನೇ ಹೇಳಿದೀನಿ." ಗುಮಾಸ್ತರು ತಲೆ ಮೇಲೆ ಕೈ ಹೊತ್ತು ಕೂತರು. "ಅಳಿಸದಿದ್ರೆ ನಿನ್ನ ಯಂತ್ರ ಹೋಗುತ್ತೆ. ಅಳಿಸಿದ್ರೆ ಆಕೆ ಮುಖ ಹೇಗೆ ನೋಡಲಿ? ನಾನು ಯಾಕಾದ್ರೂ ಬರೆದ್ನೋ!"

ಹೆಂಡತಿ ಬೈಯುವರೆಂದು ಕಾದರು. ಬೈಯಲಿಲ್ಲ. ಎಂಜಲಾದ ಗವಸನ್ನು ಬಿಚ್ಚುತ್ತ, "ನಾಳೆ ಆಕೇನ ಬರೋಕೆ ಹೇಳಿ. ನಾನು ಮಾತಾಡ್ತೀನಿ. ನೀವು ಬಾಯೂ ಬಿಡಬೇಡಿ, ಪೆನ್ನೂ ಮುಟ್ಟಬೇಡಿ," ಎಂದರು.

ಗುರುವಾರ ಟೀಚರಮ್ಮ ಬೆಂಚಿನ ಮೇಲೆ ಕೂತರು. ಹೆಂಡತಿ ಹೊಲಿಯುತ್ತಲೇ ಕೇಳಿದರು, "ನಿಮ್ಮ ಯಜಮಾನ್ರು ಎಂಥ ದಿಂಬು ಹಾಕ್ಕೋತಿದ್ರು?"

"ಅದೊಂದು ದಿಂಬೇನಮ್ಮಾ? ಕಲ್ಲು! ಅದನ್ನೂ ಎರಡು ಮಡಿಕೆ ಮಾಡಿ ತಲೆ ಇಡೋರು. ಅವರು ಹೋದ್ಮೇಲೆ ನೋಡೋಕಾಗದೆ ಅಟ್ಟಕ್ಕೆ ಹಾಕ್ದೆ."

"ಈಗ ಮಂಚದ ಮೇಲೆ ಎಷ್ಟು ದಿಂಬಿದೆ?"

"ಒಂದೇ. ನಿಮ್ಮಲ್ಲಿ ತಗೊಂಡದ್ದು."

ಹೆಂಡತಿ ಸೂಜಿ ಕೆಳಗಿಟ್ಟರು. "ಮತ್ತೆ ಅವರು ಬಂದ್ರೆ ತಲೆ ಎಲ್ಲಿ ಇಡಬೇಕು ಟೀಚರಮ್ಮ?"

ಹಿಂದೆ ಯಂತ್ರ ಗುಂಯ್ ಎನ್ನುತ್ತಿತ್ತು. ಟೀಚರಮ್ಮ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಗುಮಾಸ್ತರಿಗೆ ಕನಸಿನ ದಡದಲ್ಲಿ ಏನನ್ನೋ ಹುಡುಕುತ್ತ ನಿಂತ ಮುದುಕರು ನೆನಪಾದರು. ಬಾಯಿ ಬಿಡಬಾರದೆಂದು ಆಜ್ಞೆಯಿದ್ದುದರಿಂದ ಬಿಡಲಿಲ್ಲ.

ಸಂಜೆಗೆ ಅಟ್ಟದ ದಿಂಬು ಬಂತು. ಹತ್ತಿಯೆಲ್ಲ ಗಂಟುಗಟ್ಟಿತ್ತು. ಹೆಂಡತಿ ಅದನ್ನು ಬಿಡಿಸಿ, ಹಿಂಜಿ, ಒಂದು ಹಿಡಿ ಹೊಸ ಹತ್ತಿಯನ್ನೂ ಸೇರಿಸದೆ ಅದನ್ನೇ ತುಂಬಿ ಹೊಲಿದರು. ಮೇಜಿನ ಮೇಲಿಟ್ಟು ಮೊಣಕೈ ಒತ್ತಿದರು. ನಾಲ್ಕಾಯಿತು, ಆರಾಯಿತು, ಒಂಬತ್ತಾಯಿತು. ದಿಂಬು ಹಾಗೇ ಬಿದ್ದಿತ್ತು.

"ಏಳಲಿಲ್ಲ," ಎಂದು ಗುಮಾಸ್ತರು ಪಿಸುಗುಟ್ಟಿದರು.

"ಎದ್ರೆ ಅವರಿಗೆ ಗುರುತು ಸಿಗುತ್ತಾ?" ಹೆಂಡತಿ ದಿಂಬನ್ನು ಟೀಚರಮ್ಮನ ಕೈಗಿತ್ತರು. "ಬರ್ತಾರೆ ಅಂತ ನಾನು ಹೇಳಲ್ಲ. ಜಾಗ ಮಾಡಿಡಿ, ಅಷ್ಟೇ."

ಹದಿನಾಲ್ಕು ವರ್ಷದಲ್ಲಿ ಮೊದಲ ಸಲ, ಏಳದ ದಿಂಬೊಂದು ಹೊಸ್ತಿಲು ದಾಟಿತು.

ಶನಿವಾರ ಮ್ಯಾನೇಜರ್ ಬಂದು ಕೂತರು. ಗುಮಾಸ್ತರು ಫೋನ್ ಹಿಡಿದು, ಬೆರಳನ್ನು ಅಳಿಸುವ ಗುಂಡಿಯ ಮೇಲಿಟ್ಟು, ಒತ್ತಲಾರದೆ ಬೀದಿ ನೋಡುತ್ತಿದ್ದರು. ಅಷ್ಟರಲ್ಲಿ ಟೀಚರಮ್ಮ ಬಿರಬಿರನೆ ಒಳಗೆ ಬಂದು ನಮೂನೆಯನ್ನು ಮೇಜಿನ ಮೇಲೆ ಬಡಿದರು.

"ನೋಡಿ ನಿಮ್ಮ ದಿಂಬಿನ ಹಣೆಬರಹ!"

ಮ್ಯಾನೇಜರ್ ಕುತೂಹಲಕ್ಕೆ ಗಟ್ಟಿಯಾಗಿ ಓದಿದರು. "ಹಾಜರಿದ್ದವರು: ನಮ್ಮ ಯಜಮಾನರು. ಅವಧಿ: ರಾತ್ರಿಯಿಡೀ. ದೋಷದ ಸ್ವರೂಪ: ಗೊರಕೆ."

"ಒಂದು ಮಾತಿಲ್ಲ, ಕಥೆಯಿಲ್ಲ! ಬಂದ್ರು. ಆ ಕಲ್ಲನ್ನ ಎರಡು ಮಡಿಕೆ ಮಾಡಿದ್ರು. ತಲೆ ಇಟ್ರು. ಗೊರಕೆ ಶುರು! ಎರಡು ವರ್ಷ ಆದ್ಮೇಲೆ ಬಂದ ಮನುಷ್ಯ ಹೇಗಿದೀಯಾ ಅಂತಾದ್ರೂ ಕೇಳಬಾರದಾ?" ಎಂದು ನಗುತ್ತ ನಗುತ್ತ ಟೀಚರಮ್ಮ ಅಳತೊಡಗಿದರು. "ಆ ಗೊರಕೆ ಕೇಳಿ ಎಷ್ಟು ದಿನ ಆಗಿತ್ತು..."

"ಹಾಗಾದ್ರೆ ದಿಂಬು ವಾಪಸ್ಸಾ?" ಎಂದರು ಗುಮಾಸ್ತರು ಮೆಲ್ಲಗೆ.

"ಮುಟ್ಟಿ ನೋಡಿ!"

ಗುಮಾಸ್ತರು ಅಲ್ಲೇ, ಎಲ್ಲರೆದುರು, ಗುಂಡಿ ಒತ್ತಿದರು. ಭರವಸೆ ಅಳಿಸಿಹೋಯಿತು. ಮ್ಯಾನೇಜರ್ ನಮೂನೆಯನ್ನು ಮಡಚಿ ಟೀಚರಮ್ಮನ ಕೈಗೆ ಕೊಟ್ಟು, "ನಮ್ಮಲ್ಲಿ ಮಂಚಕ್ಕೆ ಒಂದೇ ದಿಂಬು. ಎರಡೆರಡು ಹಾಕೋಣ. ನೂರಿಪ್ಪತ್ತು ಮಾಡಿಬಿಡಿ ಅಮ್ಮಾ," ಎಂದರು.

ಆವತ್ತಿನಿಂದ ಗುಮಾಸ್ತರು 'ಓ' ಎಂದು ಶುರುವಾಗುವ ವಾಕ್ಯ ಬರೆಯುವುದಿಲ್ಲ. ಮೇಜಿನ ಹಿಂದೆ ಕೂತು, ಹೆಂಡತಿ ಗಿರಾಕಿಗಳೊಡನೆ ಆಡಿದ್ದನ್ನು ಆಡಿದ ಹಾಗೇ ಬರೆದು ಹಾಕುತ್ತಾರೆ. ಹಾಗೆ ಬರೆದ ಮೊದಲನೆಯದು ಆ ಬುಧವಾರದ ಕಥೆ. ಆಸೆ ತಡೆಯದೆ ದೋಣಿಯ ಕನಸನ್ನೂ ಅರ್ಧ ಪುಟ ಸೇರಿಸಿದ್ದರು. ಮುನ್ನೂರು ಜನ ಓದಿದರು! ದೋಣಿಯ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲ. ಎಲ್ಲರೂ ಮೆಚ್ಚಿದ್ದು ಒಂದೇ ಸಾಲನ್ನು: "ಅದರ ಮೇಲೆ ಮಲಗಬೇಡಿ, ಅದು ಮಾರೋಕಿರೋ ದಿಂಬು!" ಬಂದವರೆಲ್ಲ ಕೇಳಿದ್ದೂ ಅದನ್ನೇ: "ಸಾರ್ ಮಲಗಿದ್ರಲ್ಲ, ಆ ಥರದ್ದು ಕೊಡಿ."

ಗುಮಾಸ್ತರ ಎದೆ ಉಬ್ಬಿತು. "ನೋಡಿದ್ಯಾ? ಶಪಥ ಮಾಡಿ ಮೂರು ತಿಂಗಳೂ ಆಗಿಲ್ಲ! ಏನಿದ್ರೂ ನನ್ನ ಬರಹದ ಶಕ್ತಿ!"

"ಬರಹದ್ದಲ್ಲ ರೀ, ನಿದ್ದೆಯದ್ದು," ಎಂದು ಹೆಂಡತಿ ಹೊಸ ದಿಂಬೊಂದನ್ನು ಕಿಟಕಿಯ ಬಳಿ, ಬೀದಿಗೆ ಕಾಣುವಂತೆ ಇಟ್ಟು ತಟ್ಟಿದರು. "ಆ ಪೆನ್ನು ಈ ಕಡೆ ಕೊಟ್ಟು ಬೇಗ ಮಲಗಿ. ವ್ಯಾಪಾರದ ಹೊತ್ತು!"